ಬಿಸ್ಕತ್ತಿನ ಜಾಡಿಯಲ್ಲಿದ್ದ ಮರಿ

ನಮ್ಮ ಕಡೆ ಎಲ್ಲರೂ ನನ್ನನ್ನು ಹಾವಕ್ಕ ಎನ್ನುತ್ತಾರೆ. ಇಪ್ಪತ್ತಾರು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಹಾವಿನ ವಿಷಯದಲ್ಲಿ ನನ್ನ ಮಾತಿಗೆ ಎದುರಿಲ್ಲ. ಹಾಗಂತ ನಾನೇ ಎಲ್ಲರಿಗೂ ಹೇಳಿಟ್ಟಿದ್ದೇನೆ.

ಅವತ್ತು ಬೆಳಿಗ್ಗೆ ಬಟ್ಟೆ ಹಿಂಡುತ್ತಿದ್ದಾಗ ತಮ್ಮನ ಫೋನ್ ಬಂತು.

“ಅಕ್ಕಾ, ಹೊಲದಲ್ಲಿ ಕ್ಯಾರೆಟ್ ಕೀಳ್ತಿದ್ವಿ. ಅರ್ಧ ಗಂಟೆ ಹಿಂದೆ ಇವಳ ಬೆರಳಿಗೆ ಹಾವಿನ ಮರಿ ಒಂದು ಬಾಯಿ ಹಾಕಿತು. ಗಾಬರಿ ಏನಿಲ್ಲ, ತೋಳಹಾವಿನ ಮರಿ. ಬಿಸ್ಕತ್ತಿನ ಜಾಡಿಗೆ ತಳ್ಳಿ ಮುಚ್ಚಿದೀನಿ. ನಿನ್ನ ಕಿವಿಗೂ ಹಾಕೋಣ ಅಂತ ಅಷ್ಟೇ.”

“ತೋಳಹಾವು ಅಂತ ಯಾರು ಹೇಳಿದ್ದು?”

“ನೀನೇ. ಬಿಳಿ ಪಟ್ಟೆ ಕುತ್ತಿಗೆಯಿಂದಲೇ ಶುರುವಾದ್ರೆ ತೋಳಹಾವು, ವಿಷ ಇಲ್ಲ. ಕುತ್ತಿಗೆ ಬಿಟ್ಟು ಕೆಳಗೆ ಶುರುವಾದ್ರೆ ಕಟ್ಟುಹಾವು, ಕಥೆ ಮುಗೀತು. ನಿನ್ನ ಪಾಠ ಬಾಯಿಪಾಠ ಆಗಿದೆ.”

ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. “ಎಲ್ಲೂ ಹೋಗಬೇಡಿ, ಬಂದು ನೋಡ್ತೀನಿ” ಎಂದು ಸ್ಕೂಟರ್ ಹತ್ತಿದೆ. ದಾರಿಯಲ್ಲಿ ಹತ್ತು ನಿಮಿಷ ಹೋಯಿತು.

ತಮ್ಮನ ಹೆಂಡತಿ ಬದುವಿನ ಮೇಲೆ ಕೂತು ನೀರು ಕುಡಿಯುತ್ತಿದ್ದಳು. ಬೆರಳಿನಲ್ಲಿ ಊತವಿಲ್ಲ, ನೋವಿಲ್ಲ. “ಮುಳ್ಳು ತರಚಿದ ಹಾಗಿದೆ ಅತ್ತಿಗೆ, ನಿಮ್ಮ ತಮ್ಮಂದು ಸುಮ್ನೆ ರಗಳೆ” ಎಂದು ನಕ್ಕಳು.

ನಾನು ಜಾಡಿ ಎತ್ತಿ ಬೆಳಕಿಗೆ ಹಿಡಿದೆ. ಗೇಣಿಗಿಂತ ಸ್ವಲ್ಪ ಉದ್ದ, ಪೆನ್ಸಿಲ್ ದಪ್ಪ, ಕರೀ ಮೈ. ಪಟ್ಟೆ ಕುತ್ತಿಗೆಯ ಹತ್ತಿರದಿಂದಲೇ ಶುರುವಾಗಿತ್ತು, ಅಷ್ಟರ ಮಟ್ಟಿಗೆ ತಮ್ಮ ಹೇಳಿದ್ದು ಸರಿ. ಕನ್ನಡಕ ಮೇಲೇರಿಸಿ ಬೆನ್ನಿನ ನಟ್ಟನಡುವಿನ ಹುರುಪೆಗಳನ್ನು ನೋಡಿದೆ. ಆ ಒಂದು ಸಾಲು ಅಕ್ಕಪಕ್ಕದವಕ್ಕಿಂತ ದೊಡ್ಡದು, ಒಂದೊಂದಕ್ಕೂ ಆರು ಮೂಲೆ. ತೋಳಹಾವಿಗೆ ಹಾಗಿರುವುದಿಲ್ಲ. ಬೆಳೆದ ಕಟ್ಟುಹಾವಿನಲ್ಲಿ ಕುತ್ತಿಗೆಯ ಪಟ್ಟೆ ಮಾಸಿರುತ್ತದೆ, ಮರಿಯಲ್ಲಿ ಎದ್ದು ಕಾಣುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಪಾಠ ಸುಲಭವಾಗಲಿ ಎಂದು ಬಿಟ್ಟುಬಿಟ್ಟಿದ್ದೆ.

“ಕಟ್ಟುಹಾವು,” ಎಂದೆ. “ಗಾಡಿ ತೆಗಿ.”

“ನೀನೇ ಹೇಳಿದ್ದೆಯಲ್ಲಾ ಅಕ್ಕಾ...”

“ತಪ್ಪು ಹೇಳಿದ್ದೆ. ಗಾಡಿ ತೆಗಿ.”

ಅರ್ಧ ದಾರಿಯಲ್ಲಿ ಅವಳು “ಅತ್ತಿಗೆ, ನಿದ್ದೆ ಬರ್ತಿದೆ” ಎಂದಳು. ನಿದ್ದೆಯಲ್ಲ, ರೆಪ್ಪೆ ಎತ್ತಲಾಗುತ್ತಿರಲಿಲ್ಲ. ಅವಳ ತಲೆಯನ್ನು ನನ್ನ ಭುಜಕ್ಕೆ ಒರಗಿಸಿಕೊಂಡೆ. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಕೇಳುವ ಮೊದಲೇ ಹೇಳಿದೆ: “ಕಟ್ಟುಹಾವಿನ ಮರಿ. ಕಚ್ಚಿ ಒಂದು ಗಂಟೆ ಆಯ್ತು. ಅನುಮಾನ ಬೇಡ.” ಅವರು ತಡಮಾಡದೆ ಪ್ರತಿವಿಷ ಏರಿಸಿದರು, ಉಸಿರಾಟದ ಯಂತ್ರ ಹಾಕಿದರು.

ಮೂರನೇ ದಿನ ಯಂತ್ರ ತೆಗೆದರು. ತಮ್ಮ ಮಂಚದ ಪಕ್ಕ ನಿಂತು, “ನಿನ್ನ ಕಣ್ಣಿನಿಂದ ಇವಳು ಉಳಿದಳು ಅಕ್ಕಾ” ಎಂದ. ನಾನು ಆ ಮಾತನ್ನು ಅಲ್ಲಗಳೆಯಲಿಲ್ಲ.

ಅವಳು ಗೊಗ್ಗರು ದನಿಯಲ್ಲಿ ನನ್ನನ್ನು ಹತ್ತಿರ ಕರೆದಳು.

“ಅತ್ತಿಗೆ, ಅದು ಯಾವ ಹಾವು ಅಂತ ಗೊತ್ತಾಗಲಿ ಅಂತ ನಾನು ಮುಕ್ಕಾಲು ಗಂಟೆ ಬದುವಿನ ಮೇಲೆ ಕೂತಿದ್ದೆ. ಮೊದಲು ನಿಮ್ಮ ಪಾಠ ನಂಬಿ, ಆಮೇಲೆ ನಿಮ್ಮನ್ನ ಕಾಯ್ತಾ. ಆಸ್ಪತ್ರೆ ಅಲ್ಲೇ ಇತ್ತಲ್ಲ. ಇನ್ಮೇಲೆ ಯಾರಿಗೇ ಕಚ್ಚಲಿ, ಮೊದಲು ಗಾಡಿ ಹತ್ತಿಸಿ. ಹೆಸರು ದಾರೀಲಿ ಹುಡುಕಿ.”

ಇಪ್ಪತ್ತಾರು ವರ್ಷದಲ್ಲಿ ನನ್ನ ಪಾಠವನ್ನು ಯಾರೂ ತಿದ್ದಿರಲಿಲ್ಲ. “ಆಯ್ತಮ್ಮ” ಎಂದೆ. ಅವಳ ಕೈ ಹಿಡಿದುಕೊಂಡು ಮನಸಾರೆ ಅತ್ತೆ.