ಕನ್ನಡಿಯೆದುರಿನ ಕೊನೆಯ ಸಾಲು

ಜಿಮ್ಮಿನ ಎರಡನೆಯ ಬಾಗಿಲನ್ನೂ ಅವಳು ಅರ್ಧ ತೆರೆದು, ಒಳಗಿನವರು ತಿರುಗಿ ನೋಡುವ ಮೊದಲೇ ಮುಚ್ಚಿದಳು. ಮೊದಲನೆಯದರಲ್ಲಿ ಯೋಗ. ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದರು; ಒಬ್ಬರಾದರೂ ಕಳ್ಳಗಣ್ಣಲ್ಲಿ ತನ್ನನ್ನು ನೋಡದೆ ಇರಲಾರರು ಎಂದು ಅವಳಿಗೆ ಖಾತ್ರಿಯಿತ್ತು. ಇದರಲ್ಲಿ ಸೈಕಲ್ಲುಗಳು. ಎಲ್ಲಿಗೂ ಹೋಗದವರ ಮುಖದಲ್ಲಿ ಅಷ್ಟು ಅವಸರ ಕಂಡು ನಗು ಬಂತು.

"ಯಾವ್ ಕ್ಲಾಸು ಅಂತ ಆರಿಸಿದ್ದಾಯ್ತಾ?" ಮುಂಬಾಗಿಲ ಮೇಜಿನ ಹೆಂಗಸು ಕೇಳಿದರು.

"ನೋಡ್ತಿದೀನಿ."

"ನೋಡಮ್ಮ. ನಿಮ್ಮಮ್ಮ ಫೋನ್ ಮಾಡಿದ್ರು. ಅವಳಿಷ್ಟ ಅಂದ್ರು."

ಅವಳಿಷ್ಟ. ಹದಿನೇಳು ವರ್ಷದಲ್ಲಿ ಇದೇ ಮೊದಲು. ಕಾಲೇಜಿನ ವಿಷಯ ಅಪ್ಪ ಆರಿಸಿದ್ದು, ಕನ್ನಡಕದ ಫ್ರೇಮು ಅಮ್ಮ, ಕೂದಲು ಕಟ್ಟುವ ರೀತಿ ಅಕ್ಕ. ಎಲ್ಲಕ್ಕೂ ಹೂಂಗುಟ್ಟಿದ್ದಳು. ಇದೊಂದನ್ನೂ ತಾನೇ ಆರಿಸದಿದ್ದರೆ, ತಾನೆಂಬುವಳು ಇದ್ದಾಳೆ ಎನ್ನುವುದಕ್ಕೆ ಗುರುತೇನು? ಬೆಳಗಿನಿಂದ ಅದೇ ಯೋಚನೆ. ಒಂದು ಕಸರತ್ತಿನ ಕ್ಲಾಸಿಗೆ ಇಷ್ಟು ದೊಡ್ಡ ಪ್ರಶ್ನೆ ಗಂಟುಬಿದ್ದದ್ದು ಅವಳು ಓದುವ ದಪ್ಪ ಪುಸ್ತಕಗಳ ಕೃಪೆ.

"ಇಲಿ ಹಿಡಿಯೋಕೆ ಬೆಟ್ಟ ಅಗೀತಿದೀಯಲ್ಲೇ," ಎಂದು ಅಕ್ಕ ತಿಂಡಿ ತಿನ್ನುತ್ತ ನಕ್ಕಿದ್ದಳು. "ಯಾವ್ದಾದ್ರೇನು? ಹೋಗಿ ಕುಣೀ."

ಮೂರನೆಯ ಬಾಗಿಲು ತೆರೆದೇ ಇತ್ತು. ಏರೋಬಿಕ್ಸ್. ಗೋಡೆಯುದ್ದಕ್ಕೂ ಕನ್ನಡಿ, ಸಾಲುಸಾಲಾಗಿ ನೀಲಿ ಅಂಗಿಗಳು. ಕಲಿಸುವವಳು ಅವಳಿಗೂ ಒಂದು ನೀಲಿ ಅಂಗಿ ಎಸೆದಳು.

"ಹಾಕ್ಕೊಂಡು ಹಿಂದೆ ನಿಂತ್ಕೋ. ಕನ್ನಡಕ ತೆಗ್ದಿಡು, ಬೀಳತ್ತೆ."

ಕನ್ನಡಕ ತೆಗೆದಿಟ್ಟಳು. ಕೋಣೆ ಮಸುಕಾಯಿತು, ಜನರ ಕಣ್ಣುಗಳು ಕಾಣಿಸದೆ ಹೋದದ್ದು ಹಾಯೆನಿಸಿತು.

ಇವರಿಗೆ ಎದುರಾಗಿ ನಿಂತ ಕಲಿಸುವವಳು ತನ್ನ ಎಡಕ್ಕೆ ಹೆಜ್ಜೆಯಿಟ್ಟಳು. ಇವಳೂ ಲೆಕ್ಕಹಾಕಿ ತನ್ನ ಎಡಕ್ಕೇ ಇಟ್ಟಳು. ಕೋಣೆಗೆ ಕೋಣೆಯೇ ಬಲಕ್ಕೆ ಬಂತು. ಪಕ್ಕದ ದಪ್ಪ ಹೆಂಗಸಿಗೆ ಡಿಕ್ಕಿ.

"ಅಯ್ಯೋ, ಸಾರಿ ಆಂಟಿ. ಅವ್ರು ಎಡಕ್ಕೆ—"

"ಎಡ ಬಲ ಎಲ್ಲ ಯೋಚ್ನೆ ಮಾಡ್ಬೇಡ ಕಣಮ್ಮ. ಮುಂದಿನೋರ ಬೆನ್ನು ನೋಡ್ಕೊಂಡು ಮಾಡು. ನಾನೂ ಹಾಗೇ ಕಲ್ತಿದ್ದು."

ಬೆನ್ನು ನೋಡಿದಳು. ಅದು ಹೋದತ್ತ ಹೋದಳು, ಬಂದತ್ತ ಬಂದಳು. ಯೋಚನೆ ತಾನಾಗಿಯೇ ನಿಂತಿತು. ಬೆವರು ಕತ್ತಿನಿಂದ ಇಳಿಯಿತು, ಉಸಿರು ತಾಳಕ್ಕೆ ಕೂಡಿತು. ಗುಂಪಿನಲ್ಲಿ ಗೋವಿಂದ ಎಂದು ಜನ ಯಾಕೆ ಹೀಯಾಳಿಸುತ್ತಾರೋ! ಸುಖವಾಗಿತ್ತು. ಇಷ್ಟು ಸುಖವನ್ನು ಯಾವ ಪುಸ್ತಕವೂ ಕೊಟ್ಟಿರಲಿಲ್ಲ.

ಇದೇ, ಎಂದುಕೊಂಡಳು. ಯಾರೂ ಹೇಳಿದ್ದಲ್ಲ, ನಾನೇ ಆರಿಸಿದ್ದು.

ಆರಿಸಿದವಳ ಮುಖವನ್ನು ಒಮ್ಮೆ ನೋಡಬೇಕೆನಿಸಿತು. ಕನ್ನಡಿಯ ಕಡೆ ಕಣ್ಣು ಕಿರಿದಾಗಿಸಿದಳು. ನೀಲಿ, ನೀಲಿ, ಮೇಲೆ ಬಣ್ಣವಿಲ್ಲದ ಮುಖಗಳು. ಕೊನೆಯ ಸಾಲಿನಲ್ಲಿ ಹುಡುಕಿದಳು. ಇದೋ ಅದೋ ತಿಳಿಯಲಿಲ್ಲ. ಸುಲಭದ ಉಪಾಯ ಹೊಳೆಯಿತು. ಗುರುತಿಗೆಂದು ಬಲಗೈ ಎತ್ತಿದಳು.

"ಕೈ ಮೇಲೆ!" ಎಂದಳು ಕಲಿಸುವವಳು.

ಕನ್ನಡಿಯ ತುಂಬ ಕೈಗಳೆದ್ದವು.

ಅವಳು ನಗುತ್ತ ಕೈ ಇಳಿಸಿದಳು. ಅಲ್ಲಿ ಎಲ್ಲರೂ ಇಳಿಸಿದರು.