ಅಸ್ಸೀರಿಯಾದ ದೊರೆಗೆ ಸಾರಥಿಯ ಪ್ರಶ್ನೆ

“ಲೇ ಹಾಲ್ಯಾ, ಸೂಳೇಮಗನ, ರೊಟ್ಟಿ ಸೀದು ಕರ್ರಗ ಆಗ್ಯಾವು! ಎಲ್ಲೈತಿ ಲಕ್ಷ್ಯ?”

“ನಿನವೆ ಪಟ್ಟಣದಾಗ ಐತ್ರಿ ಸಾಹುಕಾರ್ರ. ನೀವ ಆಟದ ಮಾತು ಬಾಯಿಪಾಠ ಮಾಡು ಅಂದೀರಲ್ರಿ,” ಎಂದ ಹಾಲಪ್ಪ ರೊಟ್ಟಿ ಮಗುಚುತ್ತ.

ಸಾಹುಕಾರ ಶಿವರುದ್ರಪ್ಪನವರು ಪರದೇಶದ ಆರ್ಟೀಸಿಯಾ ಊರಿನ ಖಾನಾವಳಿಯ ಮಾಲೀಕರು. ಸ್ಯಾನ್ ಡಿಯಾಗೊದ ರಾಜ್ಯೋತ್ಸವದ ದೊಡ್ಡಾಟಕ್ಕೆ ಖರ್ಚೆಲ್ಲ ತಮ್ಮದೆಂದು ಹೇಳಿ ರಾಜನ ಪಾತ್ರ ಹಿಡಿದುಕೊಂಡಿದ್ದರು. ಅಂಥವರು ಸಣ್ಣಪುಟ್ಟ ರಾಜರಾಗುತ್ತಾರೆಯೇ? ಅಸ್ಸೀರಿಯಾದ ಅಶುರ್‌ಬನಿಪಾಲನೇ ಆದರು. ಕಥೆ ಒದಗಿಸಿದವಳು ಕಾಲೇಜು ಓದುವ ಮಗಳು ವೈಶಾಲಿ. ಅಶುರ್ ಎಂಬ ಪುಟ್ಟ ಊರು ಕತ್ತಿ ಹಿಡಿದು ಬೆಳೆದದ್ದು, ಈಜಿಪ್ಟಿನವರೆಗೂ ನುಂಗಿದ್ದು, ಸೋತ ನಾಡಿನ ಜನರನ್ನು ಬೇರುಸಹಿತ ಕಿತ್ತು ತಂದು ದುಡಿಸಿದ್ದು, ಕೊನೆಗೆ ಶತ್ರುಗಳೆಲ್ಲ ಕೂಡಿ ನಿನವೆಯನ್ನು ಸುಟ್ಟದ್ದು. ಆ ಕೊನೆಯ ಭಾಗವನ್ನು ಅಪ್ಪ ತೆಗೆಸಿಹಾಕಿದರು. ಹಬ್ಬದ ದಿನ ಬೀಳುವ ಮಾತೇಕೆ?

ಕಿತ್ತು ತಂದವರ ಪಾತ್ರಕ್ಕೆ ಜನರನ್ನು ಹುಡುಕಬೇಕಾಗಲಿಲ್ಲ, ಅಡುಗೆಮನೆಯಲ್ಲೇ ಇದ್ದರು. ಊರಿನ ಆಟಗಳಲ್ಲಿ ಹೆಸರು ಮಾಡಿದ್ದ ಹಾಲಪ್ಪನಿಗೆ ಸಾರಥಿಯ ಪಾತ್ರ.

“ಸಾಹುಕಾರ್ರ, ಅವ್ವನ ಕಣ್ಣು ಪೂರಾ ಹೋಗೋದ್ರಾಗ ಒಮ್ಮೆ ಮಾರಿ ತೋರಿಸಿ ಬರ್ತೀನ್ರಿ. ಪಾಸ್‌ಪೋರ್ಟ್ ಕೊಡ್ರಿ.”

“ಕುರುಡಿಗೆ ಯಾರ ಮಾರಿ ಆದ್ರೇನೋ ಭಾಡ್ಯಾ? ವಿಡಿಯೋ ಕಾಲ್ ಮಾಡು. ಪಾಸ್‌ಪೋರ್ಟ್ ನನ್ನ ಕಪಾಟಿನಾಗ ಸೇಫ್ ಐತಿ.”

ಹಾಲಪ್ಪ ಮುಂದಿನ ರೊಟ್ಟಿ ತಟ್ಟಿದ.

ರಾಜ್ಯೋತ್ಸವದ ದಿನ ಹಾಲ್ ತುಂಬಿತ್ತು. ಸಿರಿವಂತರ ಬಡಾವಣೆ ಫೋರ್ ಎಸ್ ರ್ಯಾಂಚಿನ ರೇಷ್ಮೆ ಸೀರೆಗಳೆಲ್ಲ ಮುಂದಿನ ಸಾಲಿನಲ್ಲಿದ್ದವು. ಅಂಟಿಸಿದ ಗುಂಗುರು ಗಡ್ಡ ನೀವುತ್ತ ಶಿವರುದ್ರಪ್ಪನವರು ಕುಣಿದು ಬಂದರು. ದೊಡ್ಡಾಟದಲ್ಲಿ ಸಾರಥಿ ಕೇಳಿದ್ದಕ್ಕೆ ದೊರೆ ಉತ್ತರಿಸಲೇಬೇಕು, ಇಲ್ಲದಿದ್ದರೆ ಆಟ ಮುಂದೆ ಸಾಗದು. ಎಲ್ಲವೂ ಪಕ್ಕಾ ಊರಿನಂತೆಯೇ ಆಗಬೇಕೆಂದು ಪಟ್ಟು ಹಿಡಿದವರೂ ಅವರೇ.

“ಎಲೈ ಸಾರಥಿ! ನಾಲ್ಕು ದಿಕ್ಕಿನ ಒಡೆಯ ಅಶುರ್‌ಬನಿಪಾಲನೆಂದು ತಿಳಿ!”

“ತಿಳಿತ್ರಿ ದೊರಿ. ತಾವು ಕಿತ್ತು ತಂದ ಮಂದಿ ಊರಿಗೆ ಹೋಗಬೇಕಂದ್ರ ಯಾರನ್ನ ಕೇಳಬೇಕ್ರಿ?”

“ನನ್ನನ್ನೇ!” ಚಪ್ಪಾಳೆ ಬಿತ್ತು.

“ಹಂಗಾರ ಕೇಳೇಬಿಡ್ತೀನಿ. ಈ ಹಾಲಪ್ಪನ ಪಾಸ್‌ಪೋರ್ಟ್ ಯಾರ ಕಪಾಟಿನಾಗ ಐತ್ರಿ?”

ಸಭೆ ಘೊಳ್ಳೆಂದು ನಕ್ಕಿತು. ದೊರೆ ಹಲ್ಲು ಕಚ್ಚಿ, “ಮುಂದ ಹೋಗಲೇ,” ಎಂದು ಪಿಸುಗುಟ್ಟಿದರು. ಮೈಕು ಅದನ್ನೂ ಕೊನೆಯ ಸಾಲಿಗೆ ಮುಟ್ಟಿಸಿತು.

ಹಾಲಪ್ಪ ಒಂದು ಹೆಜ್ಜೆ ಮುಂದೆ ಬಂದ. “ಉತ್ತರ ಬರೋತನಕ ಆಟ ಮುಂದ ಹೋಗಂಗಿಲ್ರಿ ದೊರಿ.”

ಸೆರೆಯಾಳುಗಳ ಸಾಲಿನಲ್ಲಿ ತಲೆ ಬಗ್ಗಿಸಿ ಕುಳಿತಿದ್ದ ಪಾತ್ರೆ ತೊಳೆಯುವ ಪ್ರೇಮವ್ವ ಎದ್ದು ನಿಂತಳು. “ನಂದೂ ಅದ ಕಪಾಟಿನಾಗ ಐತ್ರಿ,” ಎಂದು ಸಭೆಗೇ ಹೇಳಿದಳು. ನಗು ನಿಂತಿತು.

“ಪರದೆ ಎಳಿಯಲೇ ನೀಲ್ಯಾ!” ಎಂದು ದೊರೆ ಪಕ್ಕಕ್ಕೆ ತಿರುಗಿ ಕೂಗಿದರು.

ಪರದೆಯ ಹೊಣೆ ಹೊತ್ತ ನೀಲಕಂಠಪ್ಪನೂ ಖಾನಾವಳಿಯವನೇ. ಅವನು ಪರದೆ ಎಳೆಯದೆ ಹಗ್ಗ ಬಿಟ್ಟು ಬಂದು ಪ್ರೇಮವ್ವನ ಪಕ್ಕದಲ್ಲಿ ನಿಂತ.