ಗುಂಡಿಯ ಮೇಲೆ ಹರವಿದ ಭತ್ತ

ಕೊಯ್ಲು ಮುಗಿಯಿತೆಂದರೆ ಪೋತ್ನಾಳದ ಆಚೀಚೆ ಹೆದ್ದಾರಿಯ ಅರ್ಧ ಭಾಗ ಭತ್ತದ ಪಾಲಾಗುತ್ತದೆ. ಡಾಂಬರು ರಸ್ತೆಗಿಂತ ಒಳ್ಳೆಯ ಕಣ ನಮಗೆ ಇನ್ನೊಂದು ಕಂಡಿಲ್ಲ ನೋಡಿ! ಭತ್ತ ಹರವುತ್ತೇವೆ, ಗಾಡಿ ಹತ್ತದಿರಲೆಂದು ಸುತ್ತ ಕಲ್ಲಿಡುತ್ತೇವೆ. ಭತ್ತ ಗಿರಣಿಗೆ ಹೋಗುತ್ತದೆ, ಕಲ್ಲು ಮಾತ್ರ ಅಲ್ಲೇ ಉಳಿಯುತ್ತದೆ.

ಇದು ತಪ್ಪೆಂದು ಇಲ್ಲಿಯ ದೊಡ್ಡಪ್ಪನೆಂಬ ರೈತನಿಗೂ ಅನಿಸಿರಲಿಲ್ಲ. ಅವನ ಮನೆ ಹೆದ್ದಾರಿಗೆ ಹೊಂದಿಕೊಂಡೇ ಇದೆ. ಮನೆಯೆದುರಿನ ದೊಡ್ಡ ಗುಂಡಿಯಲ್ಲಿ ಅವನ ಬೈಕು ಎಗರಿ, ಹಿಂದೆ ಕೂತಿದ್ದ ಅವನ ಹೆಂಡತಿ ಬಸವಂತಮ್ಮ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಅಂದಿನಿಂದ ಗುಂಡಿ ಮುಚ್ಚಿಸಿ ಎಂದು ಅವನು ಮಾನ್ವಿಯ ರಸ್ತೆ ಇಲಾಖೆ ಕಚೇರಿಗೆ ಅಲೆದದ್ದೇ ಅಲೆದದ್ದು.

ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಬಿಸಿ ಡಾಂಬರು ತುಂಬಿದ ಟಿಪ್ಪರ್, ಅದರ ಹಿಂದೆ ರೋಲರ್ ಬಂದವು. ಜೊತೆಗೆ ಇಂಜಿನಿಯರ್ ಮೌನೇಶ್ವರಿ, ಇದೇ ತಾಲ್ಲೂಕಿನ ಕುರ್ಡಿಯ ಹೆಣ್ಣುಮಗಳು. ಬಂದು ನೋಡಿದರೆ ಗುಂಡಿಯೇ ಇಲ್ಲ. ಹಿಂದಿನ ದಿನವಷ್ಟೇ ದೊಡ್ಡಪ್ಪ ಅದರ ಮೇಲೆ ತಾಡಪತ್ರಿ ಹಾಸಿ ಭತ್ತ ಹರವಿದ್ದ.

“ಯಪ್ಪಾ, ನೆಲ್ಲು ತೆಗೀರಿ. ಡಾಂಬರ್ ಆರಿದ್ರ ಕೆಲಸಕ್ಕ ಬರೂದಿಲ್ಲ,” ಎಂದಳು ಮೌನೇಶ್ವರಿ.

“ಮೋಡ ಆಗ್ಯಾದ ಮೇಡಂ, ಮಳಿ ಬರೂದ್ರೊಳಗ ಒಣಗಬೇಕು. ಹಸಿ ನೆಲ್ಲು ಗಿರಣಿಯವ್ರು ತಗೊಳ್ಳಂಗಿಲ್ಲ. ನಾಳಿ ಬರ್ರಿ.”

“ನಾಳಿ ಬ್ಯಾರೆ ಊರಿನ ಪಾಳಿ ಅದರಿ.”

ದೊಡ್ಡಪ್ಪನಿಗೆ ಸಿಟ್ಟು ಬಂತು. “ರಸ್ತಾ ರಿಪೇರಿ ಮಾಡೂದು ಸರಕಾರದ ಕೆಲಸ. ನನ್ನ ಮನಿ ಮುಂದ ನಾ ನೆಲ್ಲು ಹಾಕೀನಿ. ಅದರಾಗ ತಪ್ಪೇನದ?”

“ಮನಿ ನಿಮ್ದರಿ, ರಸ್ತಾ ಎಲ್ಲರದು. ಬರೇ ಡಾಂಬರ್ ಅಲ್ಲ, ಬಾಜೂದ ಮಣ್ಣಿನ ಅಂಚೂ ರಸ್ತಾನ. ರಿಪೇರಿ ನಮ್ಮ ಜವಾಬ್ದಾರಿ, ಅದಕ್ಕ ಬಂದೀನಿ. ಅಡ್ಡ ಏನೂ ಇಡದಂಗ ನೋಡ್ಕೊಳ್ಳೂದು ನಿಮ್ಮ ಜವಾಬ್ದಾರಿ. ಕಾಯ್ದೆ ಎರಡೂ ಹೇಳ್ತದ. ಅಡ್ಡ ಇಟ್ರ ದಂಡ ಅದ. ಈ ಕಲ್ಲಿಗೆ ಬಡದು ಯಾರರ ಬಿದ್ರ ಕೇಸು ನಿಮ್ಮ ಮ್ಯಾಲ ಆಗ್ತದ.”

“ಇಷ್ಟು ವರ್ಷ ಯಾರೂ ಬಿದ್ದಿಲ್ಲ ಬಿಡ್ರಿ.”

“ನಾ ಬಿದ್ದೀನಲ್ರಿ,” ಎಂದಳು ಹೊಸ್ತಿಲಲ್ಲಿ ನಿಂತಿದ್ದ ಬಸವಂತಮ್ಮ.

“ನೀ ತೆಗ್ಗಿನಾಗ ಬಿದ್ದಿ. ಕಲ್ಲಿಗೆ ಬಡದು ಬಿದ್ದಿಲ್ಲ.”

“ಹೆಂಗ ಬಿದ್ರೂ ಕೈ ಮುರೀತದ. ತೆಗ್ಗು ಮುಚ್ಚ್ರಿ ಅಂತ ತಿರುಗಿದವ್ರೂ ನೀವ, ಮುಚ್ಚಾಕ ಬಂದ್ರ ಅಡ್ಡ ನಿಂತವ್ರೂ ನೀವ!”

ಅಷ್ಟು ಹೇಳಿದವಳೇ ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗಾನಿಸಿಕೊಂಡು, ಎಡಗೈಯಲ್ಲಿ ಮೊರ ಹಿಡಿದು ಭತ್ತ ಬಾಚತೊಡಗಿದಳು. ಒಂದು ಮೊರ ತುಂಬುವಷ್ಟರಲ್ಲಿ ಅರ್ಧ ಚೆಲ್ಲಿತು. ದೊಡ್ಡಪ್ಪನಿಗೆ ನೋಡಲಾಗಲಿಲ್ಲ. ಅವನ ಸಿಟ್ಟು ಇಳಿದು ನಾಚಿಕೆಯಾಯಿತು.

“ನೀ ಬಾಜೂಕ ಸರಿ, ನಾ ತುಂಬ್ತೀನಿ,” ಎಂದು ಮೊರ ಕಸಿದುಕೊಂಡ.

ನೆರೆಮನೆಯ ನೂರ್ ಬೀ ಖಾಲಿ ಚೀಲ ತಂದಳು. “ನಮ್ಮ ಮಾಳಿಗಿ ಮ್ಯಾಲ ಹಾಕ್ರಿ, ಬಿಸಿಲು ಚಂದ ಬೀಳ್ತದ. ಮಳಿ ಬಂದ್ರ ತಾಡಪತ್ರಿ ಮುಚ್ಚಿದ್ರಾತು,” ಎಂದಳು. ಟಿಪ್ಪರ್ ಜೊತೆ ಬಂದ ಆಳುಗಳೂ ಕೈಹಚ್ಚಿದರು. ಡಾಂಬರು ಆರುವ ಮೊದಲೇ ಗುಂಡಿ ತುಂಬಿ ರೋಲರ್ ಹಾಯಿತು. ದೊಡ್ಡಪ್ಪ ತನ್ನ ಕಲ್ಲುಗಳನ್ನು ಹಿತ್ತಲಿಗೆ ಒಯ್ದ. ಹೋದ ವರ್ಷ ಯಾರೋ ಬಿಟ್ಟುಹೋದ ಕಲ್ಲುಗಳನ್ನೂ ಬಿಡಲಿಲ್ಲ.

ಮರುದಿನ ಗಂಡಹೆಂಡಿರು ಕೈ ತೋರಿಸಲು ರಾಯಚೂರಿಗೆ ಹೊರಟರು. ಬೈಕು ಮನೆ ದಾಟುತ್ತಿದ್ದಂತೆ ಬಸವಂತಮ್ಮ ಹೆದರಿ ಗಂಡನ ಅಂಗಿ ಬಿಗಿಯಾಗಿ ಹಿಡಿದಳು. ಬೈಕು ಎಗರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಹಿಡಿತ ಬಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ರಸ್ತೆಯಲ್ಲೂ ಗುಂಡಿ ಬಿದ್ದಿದೆಯೇ? ಊರೊಳಗಿನ ರಸ್ತೆಯಾದರೆ ಗ್ರಾಮ ಪಂಚಾಯಿತಿಗೆ ಹೇಳಿ. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಗೆ ಅರ್ಜಿ ಕೊಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಿ. ಒಳ್ಳೆಯ ರಸ್ತೆ ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಕೇಳುವ ಮೊದಲು ಒಮ್ಮೆ ನಿಮ್ಮ ಮನೆಯೆದುರಿನ ರಸ್ತೆಗೆ ಬಂದು ನೋಡಿ. ನೀವಿಟ್ಟ ಕಲ್ಲು ಅಲ್ಲಿದ್ದರೆ, ಯಾರಾದರೂ ಬೀಳುವ ಮೊದಲು ಇವತ್ತೇ ಎತ್ತಿಬಿಡಿ.